ಬಾಯಿಂದ ಒಂದು ಗೇಣು

ದೊಡ್ಡಪ್ಪನ ಸುರಂಗದ ಕಥೆಯನ್ನು ವಿಡಿಯೋ ಮಾಡಿಡಬೇಕು ಅಂತ ನಾಲ್ಕು ವರ್ಷದಿಂದ ಅಂದುಕೊಳ್ಳುತ್ತಿದ್ದೆ. ಕಳೆದ ಆಟಿಯಲ್ಲಿ, ಮಳೆಗೆ ತೋಟದ ಕೆಲಸ ನಿಂತಿದ್ದಾಗ, ಅವರನ್ನು ಜಗಲಿಯಲ್ಲಿ ಕೂರಿಸಿ ಶುರು ಮಾಡಿಯೇ ಬಿಟ್ಟೆ. ಅವರಿಗೆ ಈಗ 81. ಕಾಸರಗೋಡು ಜಿಲ್ಲೆಯ ಬಾಯಾರು ಎನ್ನುವ ಊರಿನ ಹತ್ತಿರ ನಮ್ಮ ಮನೆ. ಹಿಂದಿನ ಗುಡ್ಡದಲ್ಲಿ ಮೂರು ಸುರಂಗಗಳಿವೆ. ದೊಡ್ಡದನ್ನು ಕೊರೆಯುವಾಗ ದೊಡ್ಡಪ್ಪ ಹದಿನೆಂಟರ ಹುಡುಗ. ಕೊರೆಯುವವರಿಗೆ ಒಳಗೆ ಬೆಳಕು ಹಿಡಿದದ್ದು, ಬುಟ್ಟಿಯಲ್ಲಿ ಮಣ್ಣು ಹೊರಗೆ ತಂದದ್ದು, ಎಲ್ಲ ಅವರಿಗೆ ನಿನ್ನೆ ಮೊನ್ನೆ ಆದ ಹಾಗೆ ನೆನಪುಂಟು.

ಗೊತ್ತಿಲ್ಲದವರಿಗೆ ಒಂದು ಮಾತು. ಕಾಸರಗೋಡಿನ ಕಡೆ ಸುರಂಗ ಅಂದರೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನೀರಿನ ದಾರಿ. ಒಬ್ಬ ಮನುಷ್ಯ ನಡೆದು ಹೋಗುವಷ್ಟೇ ಅಗಲ. ಒಳಗೆ ಜಿನುಗಿದ ನೀರು ಪಂಪು, ಕರೆಂಟು ಯಾವುದೂ ಇಲ್ಲದೆ ತನ್ನಷ್ಟಕ್ಕೆ ಹರಿದು ಹೊರಗಿನ ತೊಟ್ಟಿಗೆ ಬರುತ್ತದೆ. ಉದ್ದವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ನಮ್ಮ ದೊಡ್ಡ ಸುರಂಗ 60 ಕೋಲು.

ಆವತ್ತು ಚಿತ್ರ ಚೆನ್ನಾಗಿ ಬಂದಿತ್ತು. ಮಳೆಗಾಲದ ಬೆಳಕು ಮುಖದ ಮೇಲೆ ಮೆತ್ತಗೆ ಬಿದ್ದಿತ್ತು. ರಾತ್ರಿ ಕೂತು ಕೇಳಿದಾಗ ಮಾತ್ರ ಹೊಟ್ಟೆ ಉರಿಯಿತು. ತಗಡಿನ ಮಾಡಿನ ಮೇಲೆ ಮಳೆ. ಮಳೆ ಹೊಳವಾದರೆ ಆಚೆ ತೋಟದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪಿನ ಸದ್ದು. ನಡುವೆ ಎಲ್ಲೋ ದೂರದಲ್ಲಿ ದೊಡ್ಡಪ್ಪ. ಅವರು ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡಾಗೆಲ್ಲ ಮಳೆಯ ಶಬ್ದ ಉಕ್ಕಿ ಮೇಲೆ ಬರುತ್ತಿತ್ತು. ಫೋನಿನ ಕ್ಯಾಮೆರಾ ಮಾಡುವ ಕೆಲಸ ಅದು: ಸುತ್ತ ಶಬ್ದ ಕಡಿಮೆಯಾಯಿತು ಅಂತ ಕಂಡ ಕೂಡಲೇ ತಾನಾಗಿ ವಾಲ್ಯೂಮು ಏರಿಸುತ್ತದೆ. 42 ನಿಮಿಷದ ವಿಡಿಯೋದಲ್ಲಿ ಪೂರ್ತಿ ಅರ್ಥವಾಗುವ ಮಾತು ಹತ್ತು ನಿಮಿಷದ್ದೂ ಇರಲಿಲ್ಲ.

ಚಿತ್ರ ಸ್ವಲ್ಪ ಮಬ್ಬಾದರೆ ಯಾರೂ ಎದ್ದು ಹೋಗುವುದಿಲ್ಲ. ಮಾತು ಕೇಳದಿದ್ದರೆ ಎರಡು ನಿಮಿಷವೂ ಕೂರುವುದಿಲ್ಲ. ಅದೂ ಮನೆಯ ಹಿರಿಯರ ವಿಡಿಯೋ ಅಂದರೆ ಮುಂದೆ ನಮಗೆ ಬೇಕಾಗುವುದು ಅವರ ಸ್ವರವೇ ಅಲ್ವಾ? ಹಾಗಾಗಿ ಕ್ಯಾಮೆರಾಕ್ಕೆ ಒಂದು ರೂಪಾಯಿಯೂ ಹಾಕದೆ, ಶಬ್ದಕ್ಕೆ ಮಾತ್ರ ಖರ್ಚು ಮಾಡುವುದು ಅಂತ ತೀರ್ಮಾನಿಸಿದೆ.

ಮೊದಲು ದುಡ್ಡಿಲ್ಲದ ಪರೀಕ್ಷೆ

ಏನಾದರೂ ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಅದೇ ಜಗಲಿ, ಅದೇ ಮಳೆ, ಅದೇ ಫೋನು. ನಾನೇ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ನಾಲ್ಕು ಸಲ ರೆಕಾರ್ಡ್ ಮಾಡಿದೆ: ಫೋನು 2 ಮೀಟರು ದೂರದಲ್ಲಿ, ಆಮೇಲೆ 1 ಮೀಟರು, ಆಮೇಲೆ ಅರ್ಧ, ಕೊನೆಗೆ ಗಲ್ಲದಿಂದ ಒಂದು ಗೇಣು ಕೆಳಗೆ. ಗೇಣಿನ ದೂರದ್ದನ್ನು ಕೇಳಿದಾಗ ಮಳೆ ಹಿಂದೆ ಸರಿದು ನಿಂತಿತ್ತು. ಫೋನು ಅದೇ, ಮೈಕೂ ಅದೇ.

ಕಾರಣ ಸರಳ. ಶಬ್ದದ ಜೋರನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ದೂರ ಅರ್ಧಕ್ಕೆ ಇಳಿದರೆ ಸ್ವರ ಸುಮಾರು 6 ಡೆಸಿಬೆಲ್ ಏರುತ್ತದೆ. 2 ಮೀಟರಿನಿಂದ 20 ಸೆಂಟಿಮೀಟರಿಗೆ ಬಂದರೆ 20 ಡೆಸಿಬೆಲ್. ಮಾಡಿನ ಮೇಲಿನ ಮಳೆಗೆ ಇದರ ಪರಿವೆ ಇಲ್ಲ, ಅದು ಇದ್ದಷ್ಟೇ ಇರುತ್ತದೆ. ಹಾಗಾಗಿ ಬಾಯಿಂದ ದೂರ ಇಟ್ಟ ದುಬಾರಿ ಮೈಕಿಗಿಂತ ಹತ್ತಿರ ಇಟ್ಟ ಅಗ್ಗದ ಮೈಕು ಮೇಲು. ಮೈಕು ಕೊಳ್ಳುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಸುಲಭವಾಯಿತು. ಕ್ಯಾಮೆರಾದ ಮೇಲೆ ಕೂರಿಸುವ ಉದ್ದನೆಯ ಶಾಟ್‌ಗನ್ ಮೈಕನ್ನು ಬಿಟ್ಟೆ. ಬಯಲಲ್ಲಿ ಅದು ಒಳ್ಳೆಯದು. ಸಣ್ಣ ಕೋಣೆಯಲ್ಲಿ ಗೋಡೆಗೆ ಬಡಿದು ಬರುವ ಸದ್ದನ್ನೂ ಎಳೆದುಕೊಳ್ಳುತ್ತದೆ. ಅದಲ್ಲದೆ ಅದು ಇರುವುದು ಕ್ಯಾಮೆರಾದ ಹತ್ತಿರ, ದೊಡ್ಡಪ್ಪನ ಹತ್ತಿರ ಅಲ್ಲ. ಜೂಮ್ ಎಚ್1ಎನ್ ತರಹದ ಕೈಯಳತೆಯ ರೆಕಾರ್ಡರು ನನಗೆ ತುಂಬ ಇಷ್ಟ. ಎರಡು ಸಣ್ಣ ಬ್ಯಾಟರಿಯಲ್ಲಿ ನಡೆಯುತ್ತದೆ, 24 ಬಿಟ್‌ನಲ್ಲಿ ಬರೆಯುತ್ತದೆ, ಕಾಲರ್ ಮೈಕನ್ನೂ ಚುಚ್ಚಬಹುದು. ಮುಂದೆ ತಾಳಮದ್ದಳೆ ರೆಕಾರ್ಡ್ ಮಾಡುವ ಮನಸ್ಸಿದೆ, ಆಗ ಬೇಕಾದೀತು. ಒಬ್ಬರು ಕೂತು ಮಾತಾಡುವುದಕ್ಕೆ ಅಷ್ಟು ದುಡ್ಡು ಬೇಡ.

ವಯರಿಲ್ಲದ ಸಣ್ಣ ಮೈಕುಗಳ ಬಗ್ಗೆ ತುಂಬ ಯೋಚಿಸಿದೆ, ಈಗ ಎಲ್ಲರ ಕೈಯಲ್ಲೂ ಅವೇ. ನೆಂಟರ ಹುಡುಗನ ಹತ್ತಿರ ಒಂದು ಜೋಡಿ ಇತ್ತು, ಕೇಳಿ ತಂದೆ. ಅಂಗಳದಲ್ಲಿ ಚೆನ್ನಾಗಿ ಬಂತು. ಆದರೆ ದೊಡ್ಡಪ್ಪ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹೋದರೆ ತುಂಡು ತುಂಡಾಗುತ್ತಿತ್ತು. ಇಂಥವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ಆ ಅಲೆಗಳನ್ನು ನೀರು ತುಂಬಿದ ನಮ್ಮ ಮೈಯೇ ತಡೆಯುತ್ತದೆ. ಸುರಂಗದ ತಿರುವಿನಲ್ಲಿ ಏನಾದೀತು ಅಂತ ಬೇರೆ ಹೇಳಬೇಕಾಗಿಲ್ಲ. ಶಬ್ದ ಶುದ್ಧ ಮಾಡುವ ಗುಂಡಿಯನ್ನು ಒತ್ತಿದರೆ ಮಳೆಯೇನೋ ಮಾಯ, ಜೊತೆಗೆ ಮಾತಿನ ಕೊನೆಯ ಅಕ್ಷರಗಳೂ ಮಾಯ. ದೊಡ್ಡಪ್ಪ ವಾಕ್ಯದ ಕೊನೆಯನ್ನು ಮೆಲ್ಲಗೆ ಹೇಳುವವರು. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಉಳಿದದ್ದು ವಯರಿನ ಕಾಲರ್ ಮೈಕು. ಅದನ್ನು ಚುಚ್ಚಲು ಕಪಾಟಿನಲ್ಲಿ ಬಿದ್ದಿದ್ದ ಹಳೆಯ ಫೋನು. ಈಗಿನ ನನ್ನ ಫೋನಿನಲ್ಲಿ ಹೆಡ್‌ಫೋನಿನ ತೂತು ಇಲ್ಲ, ಹಳೆಯದರಲ್ಲಿ ಇದೆ. ಹೊಸ ಫೋನು ಚಿತ್ರಕ್ಕೆ, ಹಳೆಯದು ಶಬ್ದಕ್ಕೆ.

ಸತ್ತ ಮೈಕು

ಉಪ್ಪಳದಿಂದ 300 ರೂಪಾಯಿ ಕೊಟ್ಟು ಒಂದು ಕಾಲರ್ ಮೈಕು ತಂದೆ. ಎರಡು ವಾರ ನಡೆಯಿತು. ಆಮೇಲೆ ಒಂದು ದಿನ ಗರಗರ, ಮರುದಿನ ಪೂರ್ತಿ ಮೌನ. ಪಿನ್ನಿನ ಬುಡದಲ್ಲಿ ವಯರನ್ನು ಬೆರಳಿನಿಂದ ಬಗ್ಗಿಸಿದರೆ ಒಂದು ಕ್ಷಣ ಜೀವ ಬರುತ್ತಿತ್ತು. ಇಂಥ ಮೈಕುಗಳಿಗೆ ಹೆಚ್ಚಾಗಿ ಅಲ್ಲಿಯೇ ಪೆಟ್ಟು, ಬಗ್ಗಿ ಬಗ್ಗಿ ಒಳಗಿನ ಎಳೆ ತುಂಡಾಗುವುದು. ಬಿಸಾಡಲು ಮನಸ್ಸು ಬರಲಿಲ್ಲ. ತೆಗೆದು ನೋಡಿದೆ. ತೆಗೆದದ್ದೇ ಒಳ್ಳೆಯದಾಯಿತು.

ಮೊದಲು ಪಿನ್ನಿನ ಲೆಕ್ಕ. ಫೋನಿನ ಪಿನ್ನಿಗೆ ಮೂರು ಕಪ್ಪು ಗೆರೆ, ನಾಲ್ಕು ಭಾಗ. ತುದಿ ಎಡಕಿವಿಗೆ, ಎರಡನೆಯದು ಬಲಕಿವಿಗೆ, ಮೂರನೆಯದು ಅರ್ತ್, ಬುಡದ ನಾಲ್ಕನೆಯದು ಮೈಕಿಗೆ. ಈಗಿನ ಹೆಚ್ಚಿನ ಫೋನುಗಳಲ್ಲಿ ಇದೇ ಕ್ರಮ. ಕೆಲವು ಹಳೆಯವುಗಳಲ್ಲಿ ಮೂರು ಮತ್ತು ನಾಲ್ಕು ಅದಲು ಬದಲು. ಕ್ಯಾಮೆರಾದ ಮೈಕಿಗೆ ಎರಡೇ ಗೆರೆ, ಮೂರೇ ಭಾಗ. ಅದನ್ನು ನೇರವಾಗಿ ಫೋನಿಗೆ ಚುಚ್ಚಿದರೆ ಅದರ ಉದ್ದನೆಯ ಬುಡ ಫೋನಿನ ಅರ್ತ್ ಮತ್ತು ಮೈಕು ಎರಡನ್ನೂ ಕೂಡಿಸಿಬಿಡುತ್ತದೆ. ಮೈಕು ಬಂದಿದೆ ಅಂತ ಫೋನಿಗೆ ತಿಳಿಯುವುದೇ ಇಲ್ಲ. ಅದು ಸುಮ್ನೆ ತನ್ನದೇ ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾ ಹೋಗುತ್ತದೆ. ಮೈಕು ಕೆಟ್ಟಿದೆ ಅಂತ ವಾಪಸು ಕೊಡುವ ಮೊದಲು ಪಿನ್ನಿನ ಗೆರೆ ಎಣಿಸಿ.

ಹಳೆಯ ಪಿನ್ನನ್ನು ವಯರಿನ ಜೊತೆ ಎರಡು ಇಂಚು ಕತ್ತರಿಸಿ ತೆಗೆದೆ. ಸಿಪ್ಪೆ ಬಿಡಿಸಿದಾಗ ಒಳಗೆ ಕೂದಲಿನಷ್ಟು ಸಪೂರ ಎಳೆಗಳು. ಒಂದು ಕಟ್ಟು ಕೆಂಪು, ಇನ್ನೊಂದು ಬರೀ ತಾಮ್ರದ ಬಣ್ಣ, ಜೊತೆಗೆ ವಯರು ಗಟ್ಟಿಯಾಗಿರಲು ಒಂದು ನೂಲು. ಕೆಂಪು ಅಂದರೆ ಬಣ್ಣ ಅಲ್ಲ, ವಾರ್ನಿಶಿನ ಪದರ. ಅದು ಹೋಗದೆ ಬೆಸುಗೆ ಹಿಡಿಯುವುದಿಲ್ಲ. ಬ್ಲೇಡಿನಿಂದ ಕೆರೆದರೆ ಎಳೆಯೇ ತುಂಡಾಗುತ್ತದೆ. ಬೆಸುಗೆ ಕಡ್ಡಿಯ ತುದಿಯಲ್ಲಿ ಕರಗಿದ ಸೀಸದ ಒಂದು ಹನಿ ಇಟ್ಟುಕೊಂಡು, ಎಳೆಗಳ ತುದಿಯನ್ನು ಅದರಲ್ಲಿ ಮುಳುಗಿಸಿ ಹಿಡಿದೆ. ಮೂರು ನಾಲ್ಕು ಸೆಕೆಂಡಿನಲ್ಲಿ ಸಣ್ಣ ಹೊಗೆ ಎದ್ದು ವಾರ್ನಿಶು ಸುಟ್ಟಿತು. ತೆಗೆದು ನೋಡಿದರೆ ಕೆಂಪಿನ ತುದಿ ಬೆಳ್ಳಗೆ ಹೊಳೆಯುತ್ತಿತ್ತು. ಆ ಹೊಗೆಯನ್ನು ಮೂಸಬೇಡಿ, ಕಿಟಕಿ ತೆರೆದಿಡಿ.

45 ರೂಪಾಯಿಯ ಹೊಸ ನಾಲ್ಕು ಭಾಗದ ಪಿನ್ನು. ಅದರ ಹೊರಗಿನ ಕೊಳವೆಯನ್ನು ಮೊದಲೇ ವಯರಿಗೆ ಪೋಣಿಸಿಟ್ಟುಕೊಳ್ಳಬೇಕು, ಬೆಸೆದ ಮೇಲೆ ಅದು ಹೋಗುವುದಿಲ್ಲ. ಕೆಂಪನ್ನು ನಾಲ್ಕನೆಯ ಭಾಗಕ್ಕೆ, ಬರೀ ತಾಮ್ರವನ್ನು ಮೂರನೆಯದಕ್ಕೆ ಬೆಸೆದೆ. ಎಡ, ಬಲ ಎರಡೂ ಖಾಲಿ.

ಚುಚ್ಚಿದೆ. ಆದರೂ ಸದ್ದಿಲ್ಲ. ಮಲ್ಟಿಮೀಟರು ಹಿಡಿದು ಮೂರನೆಯ ಮತ್ತು ನಾಲ್ಕನೆಯ ಭಾಗದ ನಡುವೆ ಕರೆಂಟಿನ ತಡೆ ಅಳೆದರೆ ಏನೂ ತೋರಿಸಲಿಲ್ಲ. ಸರಿಯಾಗಿರುವ ಮೈಕಿನಲ್ಲಿ ಅಲ್ಲಿ ಸಾವಿರ ಓಮಿಗಿಂತ ಮೇಲೆ ಏನಾದರೂ ಕಾಣಬೇಕು. ಫೋನು ಮೈಕನ್ನು ಗುರುತಿಸುವುದು ಅದರಿಂದಲೇ. ಸೊನ್ನೆ ಬಂದರೆ ಎಲ್ಲೋ ಕೂಡಿಕೊಂಡಿದೆ. ಏನೂ ಬಾರದಿದ್ದರೆ ಎಲ್ಲೋ ತುಂಡಾಗಿದೆ. ಹಾಗಾದರೆ ಇನ್ನೊಂದು ಕಡೆಯೂ ನೋಡಬೇಕಾಯಿತು.

ಮೈಕಿನ ತಲೆಯ ಜಾಲರಿಯನ್ನು ಉಗುರಿನಿಂದ ಎಬ್ಬಿಸಿದೆ. ಒಳಗೆ ಕಾಳುಮೆಣಸಿಗಿಂತ ಸ್ವಲ್ಪ ದೊಡ್ಡದಾದ ಬೆಳ್ಳಿಬಣ್ಣದ ಡಬ್ಬಿ. ಅದೇ ಎಲೆಕ್ಟ್ರೆಟ್ ಕ್ಯಾಪ್ಸೂಲು. ಅದರ ಬೆನ್ನಿನಲ್ಲಿ ಎರಡು ಬೆಸುಗೆಯ ಚುಕ್ಕೆ. ಒಂದು ಚುಕ್ಕೆಯ ವಯರು ಕಿತ್ತು ಬಂದಿತ್ತು, ಚುಕ್ಕೆಯ ಕೆಳಗಿನ ಲೋಹದ ಹಾಳೆಯೂ ಅದರ ಜೊತೆಗೆ. ಅದನ್ನು ಸರಿಮಾಡಲು ಆಗುವುದಿಲ್ಲ. ಹೊಸ ಕ್ಯಾಪ್ಸೂಲಿಗೆ 20 ರೂಪಾಯಿ. ಎರಡು ತಂದೆ.

ಈ 20 ರೂಪಾಯಿಯ ವಸ್ತುವಿನ ಬಗ್ಗೆ ನನಗೆ ನಿಜವಾಗಿ ಗೌರವ ಬಂದಿದೆ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಸೇರಿ ಕಂಡುಹಿಡಿದದ್ದು. ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ. ಅದರಲ್ಲಿ ವಿದ್ಯುತ್ತಿನ ಚಾರ್ಜು ವರ್ಷಗಟ್ಟಲೆ ಹಾಗೆಯೇ ಕೂತಿರುತ್ತದೆ. ಸ್ವರ ಬಂದು ಬಡಿದಾಗ ಒಳಗಿನ ಅಂತರ ಅಲುಗುತ್ತದೆ, ವೋಲ್ಟೇಜೂ ಅದರ ಜೊತೆಗೆ ಅಲುಗುತ್ತದೆ. ಅದು ತೀರ ಸಣ್ಣದು, ಹಾಗಾಗಿ ಡಬ್ಬಿಯೊಳಗೇ ಒಂದು ಪುಟ್ಟ ಟ್ರಾನ್ಸಿಸ್ಟರು ಇಟ್ಟಿದ್ದಾರೆ. ಆ ಟ್ರಾನ್ಸಿಸ್ಟರಿಗೆ ಬೇಕಾದ ಕರೆಂಟನ್ನು ಫೋನು ಅದೇ ನಾಲ್ಕನೆಯ ಭಾಗದಿಂದ ಕೊಡುತ್ತದೆ. ಕೆಲವು ಕಾಲರ್ ಮೈಕುಗಳಿಗೆ ಬಟನ್ ಬ್ಯಾಟರಿ ಇರುವುದು ಇದೇ ಕೆಲಸಕ್ಕೆ. ಬೋಯಾ ಬಿವೈ-ಎಂ1 ಅಂಥದ್ದು: ಒಂದು ಎಲ್‌ಆರ್44 ಬ್ಯಾಟರಿ, 6 ಮೀಟರು ವಯರು, ಫೋನಿಗೂ ಕ್ಯಾಮೆರಾಕ್ಕೂ ಹೊಂದಿಸಲು ಒಂದು ಸ್ವಿಚ್ಚು. ಬೆಸುಗೆಯ ಗೋಜು ಬೇಡದವರು ಅಂಥದ್ದನ್ನೇ ತೆಗೆದುಕೊಳ್ಳಿ.

ಕ್ಯಾಪ್ಸೂಲಿನ ಎರಡು ಚುಕ್ಕೆಗಳಲ್ಲಿ ಯಾವುದು ಅರ್ತ್ ಅಂತ ಕಣ್ಣಿಟ್ಟು ನೋಡಿದರೆ ಗೊತ್ತಾಗುತ್ತದೆ. ಒಂದರಿಂದ ಸಣ್ಣ ಸಣ್ಣ ಗೆರೆಗಳು ಹೊರಟು ಡಬ್ಬಿಯ ಅಂಚಿಗೆ ಸೇರಿರುತ್ತವೆ. ಅದೇ ಅರ್ತ್. ಬಿಸಿ ಜಾಸ್ತಿಯಾದರೆ ಪೊರೆ ಕೆಡುತ್ತದೆ, ಆದ್ದರಿಂದ ಒಂದೊಂದು ಚುಕ್ಕೆಗೆ ಎರಡೇ ಸೆಕೆಂಡು. ನಡುವೆ ಊದಿ ಆರಿಸಿದೆ. ಬುಡದಲ್ಲಿ ವಯರಿಗೆ ಒಂದು ಗಂಟು ಹಾಕಿದೆ, ಎಳೆದರೆ ಭಾರ ಬೆಸುಗೆಯ ಮೇಲೆ ಬೀಳದ ಹಾಗೆ. ಮೀಟರು 1.4 ಕಿಲೋಓಮ್ ತೋರಿಸಿತು. ಫೋನಿಗೆ ಚುಚ್ಚಿ, ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದೆ. ಪರದೆಯ ಮೇಲೆ ಗೆರೆ ಎದ್ದಿತು!

ಗುಂಯ್ ಗುಂಯ್

ಸ್ವರ ಬಂತು, ಜೊತೆಗೆ ಜೇನ್ನೊಣದ ಹಾಗೆ ಗುಂಯ್ ಎನ್ನುವ ಶಬ್ದವೂ ಬಂತು. ಫೋನು ಚಾರ್ಜಿಗಿಟ್ಟಿದ್ದೆ. ಚಾರ್ಜರು ಕಿತ್ತೆ, ನಿಂತಿತು. ಮನೆಯ ಕರೆಂಟಿನ 50 ಹರ್ಟ್ಸ್ ಮತ್ತು ಅದರ ಮರಿಗಳಾದ 100, 150 ಹೀಗೆ ಒಳಗೆ ನುಗ್ಗುತ್ತವೆ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುವುದು ಒಳ್ಳೆಯದು. ಆಮೇಲೆ ನಡುನಡುವೆ ಟಿಟ್ ಟಿಟ್ ಟಿರ್ರ್ ಅಂತ ಇನ್ನೊಂದು. ಅದು ಫೋನು ಟವರಿನ ಜೊತೆ ಮಾತಾಡುವುದು. ಏರೋಪ್ಲೇನ್ ಮೋಡು ಹಾಕಿದ ಮೇಲೆ ಅದೂ ಇಲ್ಲ.

ಆ್ಯಪಿನಲ್ಲಿ ಮೂರು ವಿಷಯ ನೋಡಿಕೊಂಡೆ. ಶಬ್ದವನ್ನು ಕುಗ್ಗಿಸದ ವೇವ್ ಫೈಲಾಗಿ ಉಳಿಸುವುದು. 48 ಕಿಲೋಹರ್ಟ್ಸ್, ಯಾಕೆಂದರೆ ವಿಡಿಯೋದ ಲೆಕ್ಕ ಅದು, 44.1 ಸಿ.ಡಿ.ಯದ್ದು. ವಾಲ್ಯೂಮು ತಾನಾಗಿ ಏರಿಳಿಯುವುದನ್ನು ಬಂದ್ ಮಾಡುವುದು. ಗೆರೆಯ ತುದಿ ಮೈನಸ್ 12 ಡೆಸಿಬೆಲ್‌ನ ಹತ್ತಿರ ಬಂದರೆ ಸಾಕು. ದೊಡ್ಡಪ್ಪ ನಗುವಾಗ ಒಮ್ಮೆಲೇ ಜೋರು, ಅದಕ್ಕೆ ಜಾಗ ಬೇಕು. ಹೀಗೆ ಒಂದು ಗಂಟೆಗೆ ಸುಮಾರು 345 ಎಂ.ಬಿ. ಹಳೆಯ ಫೋನಿಗೂ ಅದೇನು ಭಾರವಲ್ಲ.

ಮೈಕು ಚುಚ್ಚಿದ ಮೇಲೆ ಹೆಡ್‌ಫೋನಿಗೆ ತೂತು ಉಳಿಯುವುದಿಲ್ಲ. ಹಾಗಾಗಿ ಪ್ರತಿ ಸಲ ಒಂದು ನಿಮಿಷ ರೆಕಾರ್ಡ್ ಮಾಡಿ, ಮೈಕು ತೆಗೆದು, ಹೆಡ್‌ಫೋನು ಚುಚ್ಚಿ ಕೇಳಿ, ಆಮೇಲೆಯೇ ಶುರು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿಗೆ 650 ರೂಪಾಯಿ ಕೊಟ್ಟೆ. ಇಡೀ ಖರ್ಚಿನಲ್ಲಿ ದೊಡ್ಡದು ಅದೇ. ಅದನ್ನು ಕೊಂಡದ್ದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಫೋನಿನ ಸ್ಪೀಕರಿನಲ್ಲಿ ಈ ಗುಂಯ್ ಶಬ್ದ ಕೇಳಿಸುವುದೇ ಇಲ್ಲ.

ಬೈರಾಸಿನ ತೊಂದರೆ

ದೊಡ್ಡಪ್ಪ ಮನೆಯಲ್ಲಿ ಅಂಗಿ ಹಾಕುವವರಲ್ಲ. ಹೆಗಲಿಗೆ ಒಂದು ಬೈರಾಸು, ಅಷ್ಟೇ. ಕಾಲರ್ ಮೈಕಿಗೆ ಕಾಲರೇ ಇಲ್ಲ. ಬೈರಾಸಿಗೆ ಕ್ಲಿಪ್ಪು ಹಾಕಿದರೆ ಅವರು ಅದನ್ನು ತೆಗೆದು ಮುಖ ಒರೆಸುತ್ತಾರೆ, ಬರಬರ ಅಂತ ಶಬ್ದ. ಕೊನೆಗೆ ಔಷಧಿ ಅಂಗಡಿಯ ಬಿಳಿ ಕಾಗದದ ಟೇಪಿನಿಂದ ಎದೆಯ ಮೇಲೆಯೇ ಅಂಟಿಸಿದೆ, ಗಲ್ಲದಿಂದ ಒಂದು ಗೇಣು ಕೆಳಗೆ.

“ಎಂತದು ಮಾರಾಯ ಇದು, ಉಣ್ಣಿ ಕಚ್ಚಿದ ಹಾಗೆ?”

“ಮೈಕು ದೊಡ್ಡಪ್ಪ. ನೀವು ಮರೆತುಬಿಡಿ.”

“ಮರೆಯುವುದು ಹೇಗೆ, ತುರಿಸ್ತದೆ.”

ಹತ್ತು ನಿಮಿಷದಲ್ಲಿ ಮರೆತರು. ಮೈಕಿನ ಕೆಳಗೆ ವಯರನ್ನು ಹೆಬ್ಬೆರಳಿನಷ್ಟು ಅಗಲಕ್ಕೆ ಒಂದು ಸುತ್ತು ಸುತ್ತಿ ಅದನ್ನೂ ಟೇಪಿನಿಂದ ಅಂಟಿಸಿದೆ. ವಯರು ಎಲ್ಲಿಯಾದರೂ ತಾಗಿದರೆ ಆ ಸದ್ದು ಸುತ್ತಿನಲ್ಲೇ ನಿಲ್ಲುತ್ತದೆ, ಮೈಕಿಗೆ ಏರುವುದಿಲ್ಲ.

ಗಾಳಿಗೆ ಮಗಳ ಹಳೆಯ ಕರಡಿ ಬೊಂಬೆಯ ರೋಮದ ಬಟ್ಟೆ. ಅವಳ ಒಪ್ಪಿಗೆ ಪಡೆದು ಒಂದು ಕಿವಿಯನ್ನು ಬಿಚ್ಚಿದೆ. ಅದರಲ್ಲಿ ಒಂದು ಚೀಲ ಹೊಲಿದು ಮೈಕಿಗೆ ತೊಡಿಸಿದರೆ ಗುಡ್ಡದ ಗಾಳಿಯ ಬುಸುಬುಸು ಮುಕ್ಕಾಲು ಪಾಲು ಹೋಗುತ್ತದೆ. ಬರೀ ಸ್ಪಂಜಿನ ಟೊಪ್ಪಿಗೆಗೆ ಅಷ್ಟು ಸಾಧ್ಯವಿಲ್ಲ.

ಎಲ್ಲಿ ಕೂರಿಸುವುದು ಅನ್ನುವುದಕ್ಕೂ ಮನೆಯಲ್ಲೇ ಉತ್ತರ ಸಿಕ್ಕಿತು. ಚಾವಡಿಯಲ್ಲಿ ಮಾತಾಡಿದರೆ ಗೋಡೆ ಮಾತು ತಿರುಗಿ ಹೇಳುತ್ತದೆ. ಅಡಿಕೆ ಗೋಣಿಗಳನ್ನು ಪೇರಿಸಿಟ್ಟ ಕೋಣೆಗೆ ಹೋಗಿ ಚಪ್ಪಾಳೆ ತಟ್ಟಿ ನೋಡಿದೆ. ತಟ್ಟಿದ್ದು ಅಲ್ಲಿಗೇ ಮುಗಿಯಿತು, ಬಾಲವೇ ಇಲ್ಲ. ಮೂರು ಕಡೆ ಗೋಣಿ, ಮೇಲೆ ಮರದ ಅಟ್ಟ. ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಸುವುದು ನಮ್ಮಲ್ಲಿ ಅಡಿಕೆಗೆ ಒಳ್ಳೆಯ ರೇಟು ಬರಲಿ ಅಂತ ಕಾಯುತ್ತಾ ಕೂತಿತ್ತು. ಕೂತು ಹೇಳುವ ಭಾಗವನ್ನೆಲ್ಲ ಅಲ್ಲಿಯೇ ಮಾಡಿದೆವು. ಫ್ಯಾನು ಬಂದ್, ಫ್ರಿಜ್ಜಿನ ಪ್ಲಗ್ಗು ಬಂದ್. ಪ್ಲಗ್ಗು ಮತ್ತೆ ಹಾಕಲು ಮರೆಯದಿರಲಿ ಅಂತ ಬೈಕಿನ ಕೀಲಿಕೈಯನ್ನು ಫ್ರಿಜ್ಜಿನೊಳಗೇ ಇಡುತ್ತಿದ್ದೆ. ಸಂಜೆ ಐದೂವರೆಯ ಮೇಲೆ ಜೀರುಂಡೆ ಶುರು. ಆ ಕೀರಲನ್ನು ತೆಗೆಯಲು ಹೋದರೆ ಸ, ಶ ಅಕ್ಷರಗಳೂ ಮೊಂಡಾಗುತ್ತವೆ. ಅದಕ್ಕೆ ಬೆಳಿಗ್ಗೆಯೇ ಮುಗಿಸುವುದು.

ಸುರಂಗದೊಳಗೆ

ಡಿಸೆಂಬರಿನಲ್ಲಿ ಸುರಂಗಕ್ಕೆ ಹೋದೆವು. ದೊಡ್ಡಪ್ಪ ಮುಂದೆ, ನಾನು ಹಿಂದೆ. ಅಲ್ಲಿ ಇಬ್ಬರು ಅಕ್ಕಪಕ್ಕ ನಿಲ್ಲಲು ಆಗುವುದಿಲ್ಲ. ಕ್ಯಾಮೆರಾಕ್ಕೆ ಕಾಣುವುದು ಅವರ ಬೆನ್ನು, ಅದರ ಮೈಕಿಗೆ ಕೇಳುವುದು ನನ್ನ ಉಸಿರು ಮತ್ತು ಕಾಲಡಿಯ ನೀರು. ವಯರಿನ ಮೈಕು, ಸೊಂಟಕ್ಕೆ ಕಟ್ಟಿದ ಹಳೆಯ ಫೋನು ಎರಡೂ ಅವರ ಮೈಮೇಲೆಯೇ ಇದ್ದ ಕಾರಣ ನನಗೆ ಚಿಂತೆ ಇರಲಿಲ್ಲ. ಬಾಯಿಯಲ್ಲಿ ನಿಂತು ಎರಡೂ ಫೋನು ಶುರು ಮಾಡಿ, “ದೊಡ್ಡಪ್ಪ, ಒಮ್ಮೆ ಕೈ ತಟ್ಟಿ” ಅಂದೆ. ಆ ಒಂದು ಚಪ್ಪಾಳೆ ಚಿತ್ರದಲ್ಲೂ ಇದೆ, ಶಬ್ದದಲ್ಲೂ ಇದೆ, ಆಮೇಲೆ ಎರಡನ್ನೂ ಹೊಂದಿಸಲು ಅದೇ ಗುರುತು. ಹೊರಗೆ ಬಂದ ಮೇಲೆ ಇನ್ನೊಂದು ತಟ್ಟಿಸಿದೆ.

ಒಳಗೆ ಹತ್ತು ಕೋಲಿಗಿಂತ ಮುಂದೆ ಹೋಗಲಿಲ್ಲ. ಅವರು ಮೇಣದ ಬತ್ತಿ ಹಚ್ಚಿಯೇ ಹೆಜ್ಜೆ ಇಟ್ಟರು. ಬತ್ತಿ ಮಂಕಾದರೆ ಗಾಳಿ ಸಾಲದು ಅಂತ ಲೆಕ್ಕ, ತಿರುಗಿ ಬರಬೇಕು. ಪಿಕ್ಕಾಸಿನ ಗುರುತು ಗೋಡೆಯ ಮೇಲೆ ಇನ್ನೂ ಹಸಿಯಾಗಿ ಕಾಣುತ್ತದೆ. ಅದರ ಮೇಲೆ ಕೈ ಇಟ್ಟುಕೊಂಡು ಅವರು ಮಾತಾಡಿದರು.

ಕಂಪ್ಯೂಟರಿನಲ್ಲಿ ಕೂಡಿಸುವಾಗ ಮೊದಲ ಚಪ್ಪಾಳೆ ಸರಿ ಕೂತಿತು, ಎರಡನೆಯದು ಕೂರಲಿಲ್ಲ. ಫೋನಿನ ವಿಡಿಯೋದಲ್ಲಿ ಸೆಕೆಂಡಿಗೆ ಇಂತಿಷ್ಟೇ ಚಿತ್ರ ಅಂತ ಇರುವುದಿಲ್ಲ, ಬೆಳಕಿಗೆ ತಕ್ಕ ಹಾಗೆ ಹೆಚ್ಚು ಕಡಿಮೆ ಆಗುತ್ತದೆ. ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ಒಂದೇ ವೇಗಕ್ಕೆ ಬದಲಿಸಿದ ಮೇಲೆ ಎರಡೂ ಕೂತವು. ಶಬ್ದ ತಿದ್ದುವ ಸಾಫ್ಟ್‌ವೇರು ಒಡಾಸಿಟಿಯಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ಬೇರೇನೂ ಮುಟ್ಟಲಿಲ್ಲ.

ಒಟ್ಟು ಖರ್ಚು, ಮೊದಲು ಕೊಂಡ ಮೈಕೂ ಟೇಪೂ ಸೇರಿ, 1,100 ರೂಪಾಯಿ ದಾಟಲಿಲ್ಲ. ಮೈಕು ಈಗ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆ ಇದೆ. ನಮ್ಮ ಮಳೆಗಾಲದ ತೇವಕ್ಕೆ ಅದು ಬೇಕೇ ಬೇಕು.

ಮೊನ್ನೆ ದೊಡ್ಡಪ್ಪನ ಕಿವಿಗೆ ಹೆಡ್‌ಫೋನು ಇಟ್ಟು ಸುರಂಗದ ಭಾಗ ಕೇಳಿಸಿದೆ. ತಮ್ಮ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಮಾತು ನಿಂತ ಒಂದು ಜಾಗದಲ್ಲಿ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಒಳಗೆ ನೀರಿನ ಹನಿ ಬೀಳುವುದು ಕೇಳುತ್ತಿತ್ತು.

“ಇನ್ನೊಮ್ಮೆ ಹಾಕು.”

ಹಾಕಿದೆ. ಬೆರಳು ಮಡಚಿ ಎಣಿಸಿದರು.

“ಹನಿ ಕಡಿಮೆ ಆಗಿದೆ. ಡಿಸೆಂಬರಿಗೆ ಇಷ್ಟು ಕಡಿಮೆ ಇರ್ತಿರಲಿಲ್ಲ.”

ಪ್ರತಿ ತಿಂಗಳ ಒಂದನೇ ತಾರೀಕು, ಅದೇ ಜಾಗದಲ್ಲಿ, ಅದೇ ಮೈಕಿನಲ್ಲಿ ಎರಡು ನಿಮಿಷ ಹನಿಯ ಶಬ್ದ ಮಾತ್ರ ರೆಕಾರ್ಡ್ ಮಾಡುವುದು ಅಂತ ನಿಶ್ಚಯಿಸಿದ್ದೇವೆ. ಗೋಡೆಯ ಮೇಲೆ ಮೈಕು ಇಡುವ ಜಾಗಕ್ಕೆ ದೊಡ್ಡಪ್ಪ ಸುಣ್ಣದಲ್ಲಿ ಗುರುತು ಹಾಕಿದ್ದಾರೆ.